ಹಿಮ್ಮೇಳದ ಸವಾರ

ಕುರುಗೋಡಿನ ದೊಡ್ಡಬಸವೇಶ್ವರನ ತೇರನ್ನು ಕಂಡವರು ನಮ್ಮ ಬಳ್ಳಾರಿಯ ಸೀಮೆಯಲ್ಲಿ ಬಹುಮಂದಿ. ಆದರೆ ತೇರಿನ ಗಾಲಿಯ ಬಳಿ ಬಗ್ಗಿ ನಡೆಯುವ ನಾಲ್ಕಾರು ಜನರನ್ನು ಅವರಲ್ಲಿ ಎಷ್ಟು ಮಂದಿ ನೋಡಿರುವರು? ಎಲ್ಲರ ಕಣ್ಣು ಕಳಸದ ಮೇಲೆ. ಹಗ್ಗ ಹಿಡಿದವರಿಗೆ ಪುಣ್ಯ. ಉತ್ತತ್ತಿ, ಬಾಳೆಯಹಣ್ಣು ಎಸೆದವರಿಗೆ ಸಂತೋಷ. ಗಾಲಿಗೆ ಮರದ ತುಂಡನ್ನು ಒಡ್ಡಿ, ತೇರು ಎಡಕ್ಕೆ ಎಳೆದರೆ ಬಲಕ್ಕೆ ತಿದ್ದಿ, ವೇಗ ಹೆಚ್ಚಿದರೆ ತಡೆದು, ಅದನ್ನು ಮರಳಿ ನೆಲೆಗೆ ತಲಪಿಸುವವರ ಹೆಸರನ್ನು ಯಾರೂ ಕೇಳುವುದಿಲ್ಲ. ಕೈ ಒಂದು ಗಳಿಗೆ ತಪ್ಪಿತೆಂದರೆ ಮೊದಲು ಗಾಲಿಗೆ ಸಿಕ್ಕುವವರೂ ಅವರೇ.

ಹೋದ ಸಲದ ತೇರಿಗೆ ನನ್ನ ಅಕ್ಕನ ಮಗನು ಸಿರುಗುಪ್ಪೆಯಿಂದ ಮೋಟಾರು ಸೈಕಲ್ಲಿನಲ್ಲಿ ಬರುವುದಾಗಿ ಹೇಳಿದ್ದನು. ಅವನ ಸ್ನೇಹಿತನೊಬ್ಬನು ಬೇರೊಂದು ಗಾಡಿಯಲ್ಲಿ ಜತೆಗಿದ್ದನು. ತೇರು ಎಳೆದು ಜನ ಚದುರಿ, ಅಂಗಡಿಗಳಲ್ಲಿ ದೀಪ ಹೊತ್ತಿದ ಮೇಲೆ ಇಬ್ಬರೂ ಮೈಯೆಲ್ಲ ಧೂಳಾಗಿ ಬಂದರು. ನಡುದಾರಿಯಲ್ಲಿ ಸ್ನೇಹಿತನ ಗಾಡಿಯ ಹಿಂದಿನ ಚಕ್ರ ಪಂಕ್ಚರಾಗಿತ್ತು. ಸುತ್ತ ಬತ್ತದ ಗದ್ದೆಗಳ ಹೊರತು ಏನೂ ಇಲ್ಲದ ಜಾಗ. ನಮ್ಮ ಹುಡುಗನು ಚಕ್ರವನ್ನು ಬಿಚ್ಚಿಸಿ, ತನ್ನ ಗಾಡಿಯಲ್ಲಿ ಊರಿಗೆ ಕೊಂಡೊಯ್ದು, ತಿದ್ದಿಸಿ ತಂದುಕೊಟ್ಟಿದ್ದನು. ತೇರು ತಪ್ಪಿದ್ದಕ್ಕೆ ಅವನಿಗೆ ಸಿಟ್ಟು. “ಮಾವಾ, ನಾನೊಬ್ಬನೇ ಬಂದಿದ್ದರೆ ಎಲ್ಲರಿಗಿಂತ ಮೊದಲೇ ಇಲ್ಲಿರುತ್ತಿದ್ದೆ,” ಎಂದನು.

ಆ ಹುಡುಗನಿಗೆ ಮೋಟಾರು ಸೈಕಲ್ ಪಂದ್ಯಗಳ ಹುಚ್ಚು. ಗೆದ್ದವರ ಹೆಸರುಗಳೆಲ್ಲ ಅವನ ನಾಲಗೆಯ ತುದಿಯಲ್ಲಿವೆ. ಅವರ ಹಿಂದೆ ಬಂದವರ ವಿಷಯವನ್ನು ಕೇಳಿದರೆ, “ಸೋತವರ ಮಾತು ಯಾಕೆ ಮಾವಾ?” ಎನ್ನುತ್ತಾನೆ. ಅವನಿಗೆ ಅಂದು ನಾನು ಕೊಟ್ಟ ಉತ್ತರವು ಮನೆಯಲ್ಲಿ ಪ್ರಾಯದ ಮಕ್ಕಳಿರುವ ವಾಚಕರಿಗೂ ಉಪಯೋಗವಾದೀತೆಂದು ಇಲ್ಲಿ ಬರೆಯುತ್ತೇನೆ.

ಮೋಟಾರು ಸೈಕಲ್ ಪಂದ್ಯಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಒಂದು, ಡಾಂಬರು ಹಾಕಿದ ಸುತ್ತುಹಾದಿಯಲ್ಲಿ ಮುಕ್ಕಾಲು ಗಂಟೆಯೊಳಗೆ ಮುಗಿಯುವಂಥದು. ಇನ್ನೊಂದು, ಮರಳುಗಾಡು, ಕಲ್ಲುಬಯಲು, ಬೆಟ್ಟಗಳನ್ನು ದಾಟುತ್ತ ಹತ್ತು ಹದಿನೈದು ದಿನ ನಡೆಯುವ ರ್ಯಾಲಿ. ಎರಡರಲ್ಲಿಯೂ ಗಾಡಿಗಳನ್ನು ತಯಾರಿಸುವ ಕಂಪೆನಿಗಳು ತಂಡಗಳನ್ನು ಕಟ್ಟಿ ಸಂಬಳಕ್ಕೆ ಸವಾರರನ್ನು ಇಟ್ಟುಕೊಳ್ಳುತ್ತವೆ. ಗೆಲುವು ಬರೆಯಲ್ಪಡುವುದು ಒಬ್ಬನ ಹೆಸರಿಗೆ. ತಂಡದಲ್ಲಿರುವವರು ಇಬ್ಬರು, ಮೂವರು, ನಾಲ್ವರು. ಆದುದರಿಂದ ಉಳಿದವರ ಕರ್ತವ್ಯವೇನು ಎಂಬ ಪ್ರಶ್ನೆ ಹುಟ್ಟುತ್ತದೆ.

ಬಯಲಾಟವನ್ನು ಕಂಡ ನಮ್ಮ ಜನರಿಗೆ ಇದನ್ನು ತಿಳಿಯಹೇಳುವುದು ಕಷ್ಟವಲ್ಲ. ಮುಂದೆ ಕುಣಿಯುವ ಪಾತ್ರಧಾರಿಗೆ ಕಿರೀಟ, ಭುಜಕೀರ್ತಿ. ಹಿಂದೆ ನಿಂತ ಹಿಮ್ಮೇಳಕ್ಕೆ ವೇಷವಿಲ್ಲ. ಆದರೆ ಹಿಮ್ಮೇಳವು ತಾಳ ತಪ್ಪಿದರೆ ಅರ್ಜುನನ ಹೆಜ್ಜೆಯೂ ತಪ್ಪುತ್ತದೆ. ಪಂದ್ಯದಲ್ಲಿ ಇಂತಹ ಸವಾರನಿಗೆ ಪರದೇಶದವರು ‘ನೀರು ಹೊರುವವನು’ ಎಂದು ಹೆಸರಿಟ್ಟಿದ್ದಾರೆ. ಈ ಹೆಸರು ಕಾಲಿನಿಂದ ತುಳಿಯುವ ಸೈಕಲ್ ಪಂದ್ಯಗಳಿಂದ ಬಂದುದು. ಫ್ರಾನ್ಸ್ ದೇಶವನ್ನು ಸುತ್ತುವ ಸೈಕಲ್ ಪಂದ್ಯದಲ್ಲಿ ೧೯೩೪ರಲ್ಲಿ ರೆನೆ ವಿಯೆಟ್ಟೊ ಎಂಬ ಇಪ್ಪತ್ತು ವರ್ಷದ ತರುಣನು ತನ್ನ ಚಕ್ರವನ್ನು ನಾಯಕನಾದ ಆಂಟೊನಿನ್ ಮಾನ್ಯೆಗೆ ಬಿಚ್ಚಿಕೊಟ್ಟು, ರಸ್ತೆಯ ಪಕ್ಕದ ಗೋಡೆಯ ಮೇಲೆ ಕುಳಿತು ಅತ್ತನು. ಮಾನ್ಯೆ ಆ ವರ್ಷದ ಪಂದ್ಯವನ್ನು ಗೆದ್ದನು. ಆ ದೇಶದ ಜನರ ಮನಸ್ಸಿನಲ್ಲಿ ಇಂದಿಗೂ ಉಳಿದಿರುವುದು ಗೋಡೆಯ ಮೇಲೆ ಕುಳಿತ ಆ ಹುಡುಗನ ಚಿತ್ರ.

ಮೋಟಾರು ಸೈಕಲ್ಲುಗಳಲ್ಲಿ ನೀರು ಹೊರುವವನ ಕೆಲಸಕ್ಕೆ ತಕ್ಕ ಭೂಮಿಯೆಂದರೆ ಡಕಾರ್ ರ್ಯಾಲಿ. ೧೯೭೮ರ ಡಿಸೆಂಬರಿನಲ್ಲಿ ಪ್ಯಾರಿಸ್ ನಗರದಿಂದ ಆಫ್ರಿಕದ ಡಕಾರಿಗೆ ಮೊದಲ ಸಲ ಹೊರಟ ಈ ಪಂದ್ಯವು ೨೦೦೯ರಿಂದ ೨೦೧೯ರ ವರೆಗೆ ದಕ್ಷಿಣ ಅಮೆರಿಕದಲ್ಲಿ ನಡೆದು, ೨೦೨೦ರಲ್ಲಿ ಸೌದಿ ಅರೇಬಿಯದ ಮರಳಿಗೆ ಬಂದಿತು. ಒಂದೊಂದು ದಿನದ ಓಟವೂ ಬಹು ದೀರ್ಘವಾದುದು. ೨೦೨೦ರ ಏಳನೆಯ ದಿನದ ಹಾದಿಯು ಒಟ್ಟು ೭೪೧ ಕಿಲೋಮೀಟರು. ಅದರಲ್ಲಿ ೫೪೬ ಕಿಲೋಮೀಟರು ಗಡಿಯಾರದೊಡನೆ ಸೆಣಸುವ ಭಾಗ. ಬಳ್ಳಾರಿಯಿಂದ ಸಿರುಗುಪ್ಪೆಗೆ ಒಂದೇ ಹಗಲಿನಲ್ಲಿ ಆರು ಸಲ ಹೋಗಿಬಂದಷ್ಟು ದೂರ, ಅದರಲ್ಲಿ ಬಹುಭಾಗ ರಸ್ತೆಯಿಲ್ಲದ ಕಡೆ.

ಈ ಪಂದ್ಯದಲ್ಲಿ ನಮ್ಮ ನಾಡಿನ ಇಬ್ಬರು ಹೆಸರು ಪಡೆದಿದ್ದಾರೆ. ಬೆಂಗಳೂರಿನ ಸಿ. ಎಸ್. ಸಂತೋಷರು ೨೦೧೫ರಲ್ಲಿ ೩೬ನೆಯವರಾಗಿ ಕೊನೆ ಮುಟ್ಟಿ, ಡಕಾರನ್ನು ಪೂರೈಸಿದ ಮೊದಲ ಭಾರತೀಯರಾದರು. ಉಡುಪಿಯ ಕೆ. ಪಿ. ಅರವಿಂದರು ಮೊದಲೆರಡು ಪ್ರಯತ್ನಗಳಲ್ಲಿ ಗಾಯಗೊಂಡು ಹಿಂದಿರುಗಿ, ಮೂರನೆಯ ಸಲ, ೨೦೧೯ರಲ್ಲಿ, ಪೆರು ದೇಶದ ಮರಳುದಿಬ್ಬಗಳನ್ನು ದಾಟಿ ೩೭ನೆಯವರಾದರು. ‘ಮೂವತ್ತಾರು, ಮೂವತ್ತೇಳು’ ಎಂದು ಕೇಳಿ ನಮ್ಮ ಹುಡುಗನು ಮೂಗು ಮುರಿದನು. ಆದರೆ ಈ ಪಂದ್ಯದಲ್ಲಿ ಕೊನೆ ಮುಟ್ಟುವುದೇ ಒಂದು ಬಿರುದು. ಹೊರಟವರಲ್ಲಿ ಅನೇಕರು ನಡುದಾರಿಯಲ್ಲಿಯೇ ಉಳಿಯುತ್ತಾರೆ.

ಅಷ್ಟಲ್ಲದೆ, ತಂಡಕ್ಕೆ ಹಿಂದೆ ಬರುವವನ ಬೆಲೆಯೇ ಬೇರೆ. ಡಕಾರಿನ ಓಟದ ಭಾಗದಲ್ಲಿ ಗಾಡಿ ಕೆಟ್ಟರೆ ಕಂಪೆನಿಯ ಮೆಕ್ಯಾನಿಕ್ ಓಡಿಬಂದು ರಿಪೇರಿ ಮಾಡುವಂತಿಲ್ಲ. ಪಂದ್ಯದಲ್ಲಿ ಇನ್ನೂ ಉಳಿದಿರುವ ಮತ್ತೊಬ್ಬ ಸ್ಪರ್ಧಿಯು ಮಾತ್ರ ಕೈ ಹಾಕಬಹುದು. ‘ಮ್ಯಾರಥಾನ್’ ಎಂದು ಕರೆಯುವ ದಿನಗಳಲ್ಲಿ ರಾತ್ರಿಯ ಬಿಡಾರದಲ್ಲಿಯೂ ಮೆಕ್ಯಾನಿಕ್ಕುಗಳಿಗೆ ಪ್ರವೇಶವಿಲ್ಲ. ಸವಾರರೇ ಒಬ್ಬರ ಗಾಡಿಯನ್ನೊಬ್ಬರು ನೋಡಿಕೊಳ್ಳಬೇಕು. ಹೀಗಾಗಿ ನಾಯಕನ ಹಿಂದೆ ಕೆಲವು ನಿಮಿಷಗಳ ಅಂತರದಲ್ಲಿ ಅದೇ ಜಾತಿಯ ಗಾಡಿಯ ಮೇಲೆ ಬರುವ ಜತೆಗಾರನೆಂದರೆ, ಒಂದು ನಡೆದಾಡುವ ಉಗ್ರಾಣ. ಅವನ ಚಕ್ರ, ಅವನ ತಂತಿ, ಅವನ ಪೆಟ್ರೋಲು, ಅವನ ಎರಡು ಕೈಗಳು ನಾಯಕನಿಗೆ ಮೀಸಲು.

ಈ ಕೆಲಸಕ್ಕೆ ದಡ್ಡನು ಆಗುವುದಿಲ್ಲ. ನಾಯಕನಿಗೆ ಆಪತ್ತು ಬಂದಾಗ ಹತ್ತಿರದಲ್ಲಿರಬೇಕಾದರೆ ಹೆಚ್ಚುಕಡಮೆ ಅವನಷ್ಟೇ ವೇಗವಾಗಿ ಓಡಿಸಬೇಕು. ಅವನಷ್ಟೇ ಚೆನ್ನಾಗಿ ದಾರಿಯನ್ನು ಓದಬೇಕು. ಎಲ್ಲಕ್ಕಿಂತ ಮಿಗಿಲಾಗಿ, ತಾನು ಬೀಳಬಾರದು; ಬಿದ್ದರೆ ಕಾಯುವವನನ್ನೇ ಕಾಯಬೇಕಾದ ಗತಿ. ಧೈರ್ಯದ ಜತೆಗೆ ಇಷ್ಟು ಎಚ್ಚರವನ್ನು ಕೂಡಿಸುವುದು ಪ್ರಾಯದವರಿಗೆ ಸುಲಭವಲ್ಲ.

ಇಂಥವರ ಯೋಗ್ಯತೆಗೆ ಎರಡು ವರ್ಷಗಳ ಫಲಿತಾಂಶಗಳೇ ಸಾಕ್ಷಿ. ಫ್ರಾನ್ಸಿನ ಸಿರಿಲ್ ಡೆಪ್ರೆಗೆ ಪೋರ್ಚುಗಲ್ ದೇಶದ ರೂಬೆನ್ ಫರಿಯಾ ನೀರು ಹೊರುವವನಾಗಿದ್ದನು. ೨೦೧೩ರಲ್ಲಿ ಡೆಪ್ರೆ ಡಕಾರನ್ನು ಗೆದ್ದಾಗ ಎರಡನೆಯ ಸ್ಥಾನಕ್ಕೆ ಬಂದವನು ಈ ಫರಿಯಾನೇ. ಅಂತರವು ಹತ್ತು ನಿಮಿಷ ನಲವತ್ತಮೂರು ಸೆಕೆಂಡು ಮಾತ್ರ. ಮರುವರ್ಷ ಸ್ಪೇನಿನ ಮಾರ್ಕ್ ಕೋಮಾ ಗೆದ್ದನು. ಎರಡನೆಯವನು ವರ್ಷಗಟ್ಟಲೆ ಅವನ ಹಿಂದೆ ಕಾವಲು ನಡೆದಿದ್ದ ಜೋರ್ಡಿ ವಿಲಾಡೋಮ್ಸ್. ಸೇವೆಗೆಂದು ಹೊರಟವರು ಲೋಕದ ಉಳಿದ ಎಲ್ಲ ನಾಯಕರನ್ನೂ ಹಿಂದೆ ಹಾಕಿದರು. ಇಬ್ಬರೂ ಎಂದೂ ಡಕಾರನ್ನು ಗೆಲ್ಲಲಿಲ್ಲ. ಆದರೆ ಸವಾರಿ ಬಿಟ್ಟ ಮೇಲೆ ಫರಿಯಾ ಹೋಂಡಾ ತಂಡಕ್ಕೂ ವಿಲಾಡೋಮ್ಸ್ ಕೆಟಿಎಮ್ ತಂಡಕ್ಕೂ ನಿರ್ವಾಹಕರಾದರು. ಬಹುಕಾಲ ಇನ್ನೊಬ್ಬರ ಕಷ್ಟವನ್ನು ಹಿಂದಿನಿಂದ ನೋಡುತ್ತ ಬಂದವನಿಗೆ ತಂಡವನ್ನು ನಡೆಸುವ ಬಗೆ ತಿಳಿದಿರುವುದು ಸಹಜವೇ.

ಸೇವೆಯೆಲ್ಲ ಫಲಿಸುತ್ತದೆಂದು ಹೇಳಲಾಗದು. ೨೦೧೫ರಲ್ಲಿ ಹೋಂಡಾ ತಂಡದ ಹೋವಾನ್ ಬರೇಡಾ ಎಲ್ಲರಿಗಿಂತ ಮುಂದಿದ್ದನು. ಬೊಲಿವಿಯದ ಉಯೂನಿ ಎಂಬಲ್ಲಿ ಕಣ್ಣು ಹಾಯಿಸಿದಷ್ಟು ದೂರ ಉಪ್ಪಿನ ಬಯಲು. ಮೇಲೆ ಮಳೆಯ ನೀರು ನಿಂತಿತ್ತು. ಉಪ್ಪುನೀರು ನುಗ್ಗಿ ಬರೇಡಾನ ಗಾಡಿ ನಿಂತುಹೋಯಿತು. ಜತೆಗಾರನಾದ ಚಿಲಿ ದೇಶದ ಹೆರೆಮಿಯಾಸ್ ಇಸ್ರೇಲ್ ತನ್ನ ಗಾಡಿಗೆ ಅದನ್ನು ಕಟ್ಟಿ ಎಳೆದುಕೊಂಡು ಹೋದನು. ಮೂರು ಗಂಟೆಗಳಿಗೂ ಮಿಕ್ಕಿ ಕಾಲ ಕಳೆದು ಬರೇಡಾನ ಗೆಲುವಿನ ಆಸೆ ಮುಗಿಯಿತು. ಇಸ್ರೇಲನ ಶ್ರಮದಿಂದ ಪ್ರಶಸ್ತಿಯೇನೂ ಬರಲಿಲ್ಲ. ಒಬ್ಬ ಮನುಷ್ಯನು ಉಪ್ಪಿನ ನಡುವೆ ಒಂಟಿಯಾಗಿ ಉಳಿಯಲಿಲ್ಲ, ಅಷ್ಟೆ.

ಸುತ್ತುಹಾದಿಯ ಪಂದ್ಯಗಳಲ್ಲಿ ಈ ಧರ್ಮವು ಇನ್ನೂ ಸೂಕ್ಷ್ಮವಾದುದು. ಅಲ್ಲಿ ಚಕ್ರ ಕೊಡುವ ಪ್ರಸಂಗವಿಲ್ಲ. ಒಂದೇ ಬಗೆಯ ಗಾಡಿ ಪಡೆದ ಇಬ್ಬರಲ್ಲಿ ಯಾರು ಹೆಚ್ಚೆಂದು ಲೋಕವು ಮೊದಲು ಅಳೆಯುವುದು ಅವರಿಬ್ಬರನ್ನೇ; ಆದುದರಿಂದ ಜತೆಗಾರನೇ ಮೊದಲ ಎದುರಾಳಿ. ೧೯೬೮ರಲ್ಲಿ ಯಮಾಹಾ ಕಂಪೆನಿಯು ತನ್ನ ಇಬ್ಬರು ಆಂಗ್ಲ ಸವಾರರಿಗೆ ಪಾಲು ಹಂಚಿತು: ೧೨೫ ಸಿಸಿಯ ಪ್ರಶಸ್ತಿ ಫಿಲ್ ರೀಡನಿಗೆ, ೨೫೦ ಸಿಸಿಯದು ಬಿಲ್ ಐವಿಗೆ. ರೀಡನು ತನ್ನ ಪಾಲನ್ನು ಪಡೆದ ಮೇಲೆ ಮಾತನ್ನು ಮೀರಿ ಎರಡನೆಯದಕ್ಕೂ ಸೆಣಸಿದನು. ಇಬ್ಬರಿಗೂ ಸಮನಾದ ಅಂಕಗಳು ಬಂದು, ಓಟಗಳ ಕಾಲವನ್ನು ಕೂಡಿಸಿ ನೋಡಿದಾಗ ಅದೂ ರೀಡನಿಗೇ ಆಯಿತು. ಐವಿಯು ಮರುವರ್ಷ, ೧೯೬೯ರಲ್ಲಿ, ಜರ್ಮನಿಯ ಪಂದ್ಯವೊಂದರ ಅಭ್ಯಾಸದ ಕಾಲದಲ್ಲಿ ಜಾವಾ ಗಾಡಿಯ ಮೇಲಿಂದ ಬಿದ್ದು ತೀರಿಕೊಂಡನು. ಅದೇ ಹೆಸರಿನ ಗಾಡಿಗಳು ಆ ಕಾಲದಲ್ಲಿ ನಮ್ಮ ಮೈಸೂರಿನ ಕಾರಖಾನೆಯಿಂದ ಹೊರಬಂದು ಮನೆಮನೆಯಲ್ಲಿ ಓಡುತ್ತಿದ್ದುವು. ರೀಡನ ಜಯವನ್ನು ಪುಸ್ತಕಗಳು ಬರೆದಿವೆ. ಮುರಿದ ಮಾತನ್ನೂ ಅದರ ಪಕ್ಕದಲ್ಲಿಯೇ ಬರೆದಿವೆ.

ಇದಕ್ಕೆ ಎದುರಾಗಿ ೨೦೦೬ರ ಸಂಗತಿಯನ್ನು ನೋಡಬೇಕು. ಹೋಂಡಾ ತಂಡದ ಅಮೆರಿಕನ್ ಸವಾರ ನಿಕಿ ಹೇಡನ್ ಲೋಕಪ್ರಶಸ್ತಿಯ ಹಾದಿಯಲ್ಲಿ ಎಲ್ಲರಿಗಿಂತ ಮುಂದಿದ್ದನು. ಪೋರ್ಚುಗಲಿನಲ್ಲಿ ನಡೆದ ಕೊನೆಯಿಂದ ಎರಡನೆಯ ಪಂದ್ಯದಲ್ಲಿ, ಆತನ ಜತೆಗಾರನಾದ ಇಪ್ಪತ್ತೊಂದು ವರ್ಷದ ಡಾನಿ ಪೆಡ್ರೋಸಾ ಒಳಗಿನಿಂದ ಮುಂದೆ ನುಗ್ಗಹೋಗಿ ಜಾರಿ, ಹೇಡನನನ್ನೂ ಕೆಡವಿದನು. ಹನ್ನೆರಡು ಅಂಕ ಮುಂದಿದ್ದವನು ವಾಲೆಂಟಿನೊ ರೋಸಿಗಿಂತ ಎಂಟು ಅಂಕ ಹಿಂದಾದನು. ತಂಡದೊಳಗಿನ ಕೈಯಿಂದಲೇ ಮನೆ ಕೆಟ್ಟಿತೆಂದು ಎಲ್ಲರೂ ಆಡಿಕೊಂಡರು. ಎರಡು ವಾರಗಳ ಮೇಲೆ ವೆಲೆನ್ಸಿಯದಲ್ಲಿ ಕೊನೆಯ ಪಂದ್ಯ. ಅಲ್ಲಿ ಪೆಡ್ರೋಸಾ ಹೇಡನನಿಗೆ ದಾರಿ ಬಿಟ್ಟು, ಅವನ ಹಿಂದೆ ನಿಂತನು. ರೋಸಿಯು ಬಿದ್ದನು. ಹೇಡನ್ ಮೂರನೆಯವನು, ಪೆಡ್ರೋಸಾ ನಾಲ್ಕನೆಯವನು. ಐದು ಅಂಕಗಳಿಂದ ಪ್ರಶಸ್ತಿ ಹೇಡನನದಾಯಿತು. ಕೆಡವಿದ ಕೈಯೇ ಎತ್ತಿತು.

ಹಾಗಾದರೆ ಜತೆಗಾರನು ಕೊಡುವುದಾದರೂ ಏನು? ಚಕ್ರವನ್ನು ಕಂಪೆನಿಯು ಮತ್ತೆ ಕೊಡುತ್ತದೆ. ಪೆಟ್ರೋಲು ಮತ್ತೆ ಸಿಕ್ಕುತ್ತದೆ. ಅವನು ಕೊಡುವುದು ಕಾಲವನ್ನು. ಈ ವಿಷಯದಲ್ಲಿ ಡಕಾರಿನ ನಿಯಮವೊಂದು ಬಹಳ ವಿಚಾರಕ್ಕೆ ಯೋಗ್ಯವಾಗಿದೆ. ಗಾಯಗೊಂಡು ಬಿದ್ದವನ ಬಳಿ ನಿಂತ ಸವಾರನಿಗೆ, ಅಲ್ಲಿ ಕಳೆದ ನಿಮಿಷಗಳನ್ನು ಪಂಚಾಯಿತರು ಲೆಕ್ಕಹಾಕಿ ಹಿಂದಿರುಗಿಸುತ್ತಾರೆ. ಆದರೆ ಜತೆಗಾರನ ಕೆಟ್ಟ ಗಾಡಿಗೆಂದು ನಿಂತವನ ನಿಮಿಷಗಳು ಹಿಂದಿರುಗುವುದಿಲ್ಲ. ಮೊದಲನೆಯದು ಮನುಷ್ಯಧರ್ಮ; ಅದಕ್ಕಾಗಿ ಯಾರೂ ನಷ್ಟಪಡಬಾರದೆಂದು ನಿಯಮದ ಆಶಯ. ಎರಡನೆಯದು ಸ್ವಂತ ಇಚ್ಛೆಯಿಂದ ಕೊಟ್ಟ ದಾನ.

ಮೊದಲನೆಯದರ ದೃಷ್ಟಾಂತವು ದುಃಖದ್ದು. ನಮ್ಮ ದೇಶದ ಹೀರೋ ಕಂಪೆನಿಯು ೨೦೧೬ರಲ್ಲಿ ಕಟ್ಟಿದ ರ್ಯಾಲಿ ತಂಡದಲ್ಲಿ ೨೦೨೦ರ ಡಕಾರಿಗೆ ಸಂತೋಷರ ಜತೆಗೆ ಪೋರ್ಚುಗಲಿನ ಪಾವ್ಲೊ ಗೊನ್ಸಾಲ್ವೆಸ್, ಆತನ ಬಂಧುವಾದ ಜೋಕಿಮ್ ರೊಡ್ರಿಗ್ಸ್ ಮೊದಲಾದವರಿದ್ದರು. ಗೊನ್ಸಾಲ್ವೆಸ್ ೨೦೧೫ರಲ್ಲಿ ಎರಡನೆಯ ಸ್ಥಾನ ಪಡೆದಿದ್ದ ಹಿರಿಯ. ೨೦೧೬ರಲ್ಲಿ ಎದುರು ತಂಡದ ಮಥಿಯಾಸ್ ವಾಕ್ನರ್ ಕಾಲು ಮುರಿದು ಬಿದ್ದಿದ್ದಾಗ, ತಾನು ಮುಂಚೂಣಿಯಲ್ಲಿದ್ದರೂ ಗಾಡಿ ನಿಲ್ಲಿಸಿ ವೈದ್ಯರು ಬರುವ ತನಕ ಕಾದಿದ್ದವನು ಅವನೇ. ೨೦೨೦ರ ಜನವರಿ ೧೨ರಂದು, ಏಳನೆಯ ದಿನದ ಓಟದಲ್ಲಿ, ಆತನೇ ಬಿದ್ದನು. ಹಿಂದಿನ ವರ್ಷದ ವಿಜೇತನಾದ ಆಸ್ಟ್ರೇಲಿಯದ ಟೋಬಿ ಪ್ರೈಸ್ ಬೇರೆ ತಂಡದವನಾದರೂ ತನ್ನ ಪಂದ್ಯವನ್ನು ಬಿಟ್ಟು ಒಂದು ಗಂಟೆಗೂ ಹೆಚ್ಚು ಕಾಲ ಅವನ ಬಳಿಯಲ್ಲಿದ್ದನು. ಸ್ಲೋವಾಕಿಯದ ಸ್ಟೀಫನ್ ಸ್ವಿಟ್ಕೊ ಸಹ ನಿಂತನು. ಗೊನ್ಸಾಲ್ವೆಸ್ ಉಳಿಯಲಿಲ್ಲ; ಆತನಿಗೆ ನಲವತ್ತು ವರ್ಷ. ಮರುದಿನ ಮೋಟಾರು ಸೈಕಲ್ಲುಗಳ ಓಟವನ್ನು ನಿಲ್ಲಿಸಿದರು. ಹೀರೋ ತಂಡವು ಪಂದ್ಯದಿಂದಲೇ ಹಿಂದೆ ಸರಿಯಿತು. ಪ್ರೈಸನಿಗೆ ನಿಮಿಷಗಳು ಮರಳಿದುವು. ಆದರೆ ಮರಳಿನ ಮೇಲೆ ಕುಳಿತು ಕಳೆದ ಆ ಗಂಟೆಯನ್ನು ಅವನ ಮನಸ್ಸಿನಿಂದ ಯಾವ ನಿಯಮವು ತೆಗೆದೀತು?

ಸಂತೋಷರ ಪಾಲಿಗೂ ಆಪತ್ತು ದೂರವಿರಲಿಲ್ಲ. ೨೦೨೧ರ ಜನವರಿ ೬ರಂದು, ನಾಲ್ಕನೆಯ ದಿನದ ಓಟದಲ್ಲಿ ಬಿದ್ದು ತಲೆಗೆ ಪೆಟ್ಟಾಗಿ, ರಿಯಾದಿನ ಆಸ್ಪತ್ರೆಯಲ್ಲಿ ವೈದ್ಯರು ಅವರನ್ನು ಔಷಧದಿಂದ ದೀರ್ಘನಿದ್ರೆಯಲ್ಲಿಟ್ಟರು. ದೇವರ ದಯೆಯಿಂದ ಚೇತರಿಸಿಕೊಂಡು ಊರಿಗೆ ಮರಳಿದರು. ೨೦೧೮ರಲ್ಲಿ ನಾಯಕನಾದ ರೊಡ್ರಿಗ್ಸ್ ಮೊದಲ ದಿನವೇ ಬಿದ್ದು ಹೊರಗಾದಾಗ, ಹೊಸಬನಾದ ಸ್ಪೇನಿನ ಓರಿಯೊಲ್ ಮೆನಾ ಏಳನೆಯ ಸ್ಥಾನಕ್ಕೆ ಏರಿದನು. ಸಂತೋಷರು ೩೪ನೆಯವರಾಗಿ ಕೊನೆ ಮುಟ್ಟಿದರು. ಏಳನೆಯ ಸ್ಥಾನವನ್ನು ಪತ್ರಿಕೆಗಳು ದೊಡ್ಡದಾಗಿ ಅಚ್ಚುಹಾಕಿದುವು. ಆದರೆ ಹದಿನಾಲ್ಕು ದಿನ ಹಿಂದೆ ಒಬ್ಬನು ಬರುತ್ತಿದ್ದಾನೆಂಬ ಭರವಸೆ ಎಷ್ಟು ದೊಡ್ಡದೆಂಬುದನ್ನು ಯಾವ ಪಟ್ಟಿಯೂ ಹೇಳಲಾರದು.

ಇಲ್ಲಿಗೆ ಗೃಹಸ್ಥರಾದ ನಾವು ನಮ್ಮ ಮನೆಯ ಕಡೆಗೂ ಒಮ್ಮೆ ನೋಡಬೇಕು. ತಮ್ಮನ ಓದಿಗಾಗಿ ತನ್ನ ಓದನ್ನು ಬಿಟ್ಟು ಗಣಿಗೋ ಮಿಲ್ಲಿಗೋ ಕೆಲಸಕ್ಕೆ ಹೋದ ಅಣ್ಣ, ಎಲ್ಲರೂ ಉಂಡ ಮೇಲೆ ಉಳಿದುದನ್ನು ಉಣ್ಣುವ ತಾಯಿ, ಅಂಗಡಿಯ ಹೆಸರು ಗಂಡನದಾದರೂ ಲೆಕ್ಕವನ್ನೆಲ್ಲ ಹಿಡಿದಿಟ್ಟ ಹೆಂಡತಿ, ಇವರೆಲ್ಲರೂ ನೀರು ಹೊರುವವರೇ. ಅವರ ನಿಮಿಷಗಳನ್ನು ಹಿಂದಿರುಗಿಸುವ ಪಂಚಾಯಿತರಿಲ್ಲ. ಪಂದ್ಯದ ತಂಡದಲ್ಲಿ ಈ ಕೆಲಸಕ್ಕೆ ಕರಾರು ಉಂಟು, ಸಂಬಳ ಉಂಟು. ಒಪ್ಪಿದವನು ತಿಳಿದೇ ಒಪ್ಪುತ್ತಾನೆ. ಮನೆಯಲ್ಲಿ ಎಷ್ಟೋ ಸಲ ಕೇಳದೆಯೇ ಹೊರೆ ಹೊರಿಸಿ, ಕೊನೆಗೆ ಹೊತ್ತವರನ್ನು ಮರೆಯುತ್ತೇವೆ. ಕೇಳಿ ಪಡೆಯುವುದು, ಪಡೆದುದನ್ನು ಬಾಯಿಬಿಟ್ಟು ಹೇಳುವುದು, ಸರದಿ ಬಂದಾಗ ತಾನೂ ಹಿಂದೆ ನಿಲ್ಲುವುದು, ಈ ಮೂರೂ ಇದ್ದಲ್ಲಿ ತ್ಯಾಗವು ಹೊರೆಯೆನಿಸುವುದಿಲ್ಲ. ಇವಿಲ್ಲದಲ್ಲಿ ಅದು ಬರಿಯ ಶೋಷಣೆ.

ಮಕ್ಕಳು ಗಾಡಿಯ ಪಂದ್ಯಕ್ಕೆ ಆಸೆಪಟ್ಟರೆ ಗದರಿಸಿ ಪ್ರಯೋಜನವಿಲ್ಲ. ಪಂದ್ಯವು ಪಂದ್ಯದ ಹಾದಿಯಲ್ಲಿಯೇ ನಡೆಯತಕ್ಕದ್ದು. ಅದಿರಿನ ಲಾರಿಗಳೂ ಶಾಲೆಯ ಮಕ್ಕಳೂ ಓಡಾಡುವ ಬಳ್ಳಾರಿಯ ರಸ್ತೆಗಳು ಅದಕ್ಕೆ ಸ್ಥಳವಲ್ಲವೆಂದು ತಿಳಿಯಹೇಳಬೇಕು. ಎದೆ, ಬೆನ್ನು, ತಲೆಗಳಿಗೆಲ್ಲ ರಕ್ಷೆ ತೊಟ್ಟು, ವೈದ್ಯರ ಹೆಲಿಕಾಪ್ಟರು ಕಾದಿರುವ ಕಡೆಯಲ್ಲಿಯೇ ಇಷ್ಟು ಆಪತ್ತುಗಳಾದರೆ, ಬರಿಯ ತಲೆಯಲ್ಲಿ ಹೆದ್ದಾರಿಯ ಮೇಲೆ ಪಣ ಕಟ್ಟುವವನ ಗತಿಯೇನು? ಅದರ ಜತೆಗೆ, ಗೆದ್ದವನ ಹೆಸರನ್ನು ಹೇಳುವಾಗ ಅವನ ಹಿಂದೆ ಬಂದವನ ಹೆಸರನ್ನೂ ಕೇಳುವ ಅಭ್ಯಾಸವನ್ನು ಮಾಡಿಸಬೇಕು.

ಇದನ್ನೆಲ್ಲ ಕೇಳಿ ನಮ್ಮ ಹುಡುಗನು ಸ್ವಲ್ಪ ಹೊತ್ತು ಸುಮ್ಮನಿದ್ದನು. ಅವನ ಸ್ನೇಹಿತನು ತೇರಿನ ಬೀದಿಯ ಅಂಗಡಿಯಿಂದ ಮಿರ್ಚಿ, ಮಂಡಕ್ಕಿಯ ಪೊಟ್ಟಣಗಳನ್ನು ಕಟ್ಟಿಸಿಕೊಂಡು ಬಂದು, ಮೊದಲನೆಯದನ್ನು ಇವನ ಕೈಗಿತ್ತನು. “ಇವನು ನಿಲ್ಲದಿದ್ದರೆ ನಾನು ಇನ್ನೂ ಗದ್ದೆಯ ಬದುವಿನಲ್ಲೇ ಇರುತ್ತಿದ್ದೆ ನೋಡಿ,” ಎಂದು ನನಗೆ ಹೇಳಿದನು. ನಮ್ಮವನ ಮುಖದ ಮೇಲಿನ ಸಿಟ್ಟು ಎಲ್ಲಿಯೋ ಹೋಗಿತ್ತು.

ಹೊರಡುವಾಗ ಇಬ್ಬರೂ ತೇರು ನಿಂತ ಕಡೆಗೆ ಹೋಗಿ ಕೈಮುಗಿದರು. ಗಾಲಿಗೆ ಒಡ್ಡಿದ ಮರದ ತುಂಡು ಇನ್ನೂ ಅಲ್ಲಿಯೇ ಇತ್ತು. ನಮ್ಮ ಹುಡುಗನು ಬಗ್ಗಿ ಅದನ್ನು ಮುಟ್ಟಿ ನೋಡಿದನು. ರಾತ್ರಿಯ ಹಾದಿಯಲ್ಲಿ ಎರಡು ಗಾಡಿಗಳೂ ಸಿರುಗುಪ್ಪೆಯ ಕಡೆಗೆ ಹೊರಟುವು. ರಿಪೇರಿಯಾದ ಗಾಡಿಯು ಮುಂದೆ, ನಮ್ಮವನದು ಹಿಂದೆ.